ತೋಟ ಉಂಟು, ಸ್ಟೇಟ್‌ಮೆಂಟ್ ಇಲ್ಲ

ನಮ್ಮ ಕರಾವಳಿಯವರಿಗೆ ವಿದೇಶ ಹೊಸತಲ್ಲ. ಆದರೆ ಗಲ್ಫಿಗೆ ಹೋದವರ ಊರಿನ ಆದಾಯವನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದು ಅಲ್ಲಿನ ಸಂಬಳ. ಯುಎಇಗೆ ಹೆಂಡತಿ ಮಕ್ಕಳನ್ನು ಕರೆಸಲು ತಿಂಗಳಿಗೆ 4,000 ದಿರ್ಹಮ್ ಬೇಕು, ಇಲ್ಲವೇ 3,000 ದಿರ್ಹಮ್ ಮತ್ತು ಇರಲು ಮನೆ ಬೇಕು. ಇಷ್ಟು ಲೆಕ್ಕ ಇಲ್ಲಿ ತುಂಬಾ ಜನರಿಗೆ ಬಾಯಿಪಾಠ. ಸಂಬಳದ ಚೀಟಿ ಕಂಪನಿಯೇ ಕೊಡುತ್ತದೆ, ಕೆಲಸ ಮುಗಿಯಿತು.

ಈಗ ಹೊರಡುತ್ತಿರುವವರು ಬೇರೆ ಥರ. ಮಕ್ಕಳು ಯೂರೋಪಿನಲ್ಲಿ ನೆಲೆಸಿದ್ದಾರೆ, ನಾವೂ ಹೋಗಿ ಹತ್ತಿರ ಇರೋಣ ಅನ್ನುವ ನಿವೃತ್ತರು. ಇಲ್ಲಿನ ಆದಾಯದಲ್ಲೇ ಅಲ್ಲಿ ಬದುಕುತ್ತೇವೆ ಅನ್ನುವವರು. ಮಂಗಳೂರಿನ ಒಂದು ಸಿಎ ಆಫೀಸಿನಲ್ಲಿ ಲೆಕ್ಕಪತ್ರ ನೋಡುವವಳು ನಾನು. ಇಂಥವರು ಬಂದಾಗಲೆಲ್ಲ ಒಂದೇ ಮಾತು: "ಎಂತ ಮಾರಾಯ್ರೆ, ತೋಟ ಉಂಟು, ಮನೆ ಉಂಟು, ಚಿನ್ನ ಉಂಟು. ಇನ್ನೆಂತ ಬೇಕು ಅವರಿಗೆ?"

ವೀಸಾ ಕೊಡುವವರಿಗೆ ಬೇಕಾದದ್ದು ಬೇರೆಯೇ. ನಿಮ್ಮ ಹತ್ತಿರ ಎಷ್ಟಿದೆ ಅನ್ನುವುದಕ್ಕಿಂತ ತಿಂಗಳು ತಿಂಗಳು ಎಷ್ಟು ಬರುತ್ತದೆ, ಮುಂದೆಯೂ ಬರುತ್ತದಾ, ಅದಕ್ಕೆ ಕಾಗದ ಎಲ್ಲಿ, ಇಷ್ಟೇ.

ಪೋರ್ಚುಗಲ್‌ನ ಡಿ7 ವೀಸಾ ನೋಡಿ. ಪಿಂಚಣಿ, ಬಾಡಿಗೆ, ಡಿವಿಡೆಂಡ್, ಬಡ್ಡಿ ಇಂಥ ಕೂತಲ್ಲಿ ಬರುವ ಆದಾಯ ಇರುವವರಿಗೆ ಅದು. ಆ ದೇಶದ ಕನಿಷ್ಠ ವೇತನದಷ್ಟಾದರೂ ಬರಬೇಕು. 2025ರಲ್ಲಿ ಅದು ತಿಂಗಳಿಗೆ 870 ಯೂರೋ. ಹೆಂಡತಿ ಅಥವಾ ಗಂಡನಿಗೆ ಅದರ ಅರ್ಧ, ಪ್ರತಿ ಮಗುವಿಗೆ ಶೇ. 30 ಸೇರಿಸಬೇಕು. ಒಬ್ಬರಿಗೇ ಈಗಿನ ದರದಲ್ಲಿ 80 ಸಾವಿರ ರೂಪಾಯಿ ದಾಟುತ್ತದೆ. ಸ್ಪೇನ್ ಇನ್ನೂ ಬಿಗಿ. ಅಲ್ಲಿ ಕೆಲಸ ಮಾಡದೆ ಇರುತ್ತೇವೆ ಅನ್ನುವವರ ವೀಸಾಕ್ಕೆ ಐಪಿಆರ್‌ಇಎಂ ಎಂಬ ಸರ್ಕಾರಿ ಸೂಚ್ಯಂಕದ ನಾಲ್ಕು ಪಟ್ಟು ತೋರಿಸಬೇಕು. ಅದು 600 ಯೂರೋ ಇರುವಾಗ ಒಬ್ಬರಿಗೆ ತಿಂಗಳಿಗೆ 2,400 ಯೂರೋ, ವರ್ಷಕ್ಕೆ 28,800. ಜೊತೆಗೆ ಬರುವ ಪ್ರತಿಯೊಬ್ಬರಿಗೆ ತಿಂಗಳಿಗೆ ಇನ್ನೂ 600.

ಪುತ್ತೂರು, ಸುಳ್ಯ, ಕಾರ್ಕಳ ಕಡೆಯ ಒಳ್ಳೆಯ ಅಡಿಕೆ ತೋಟಕ್ಕೆ ಡಿ7 ಮೊತ್ತ ಕಷ್ಟವೇ ಅಲ್ಲ. ಆದರೆ ಅಡಿಕೆಯ ದುಡ್ಡು ಬರುವ ರೀತಿ ನಮಗೆ ಗೊತ್ತು. ಒಣಗಿಸಿದ ಅಡಿಕೆಯನ್ನು ಸುಲಿಯದೆ ಗೋಣಿಯಲ್ಲಿ ಕಟ್ಟಿಡುತ್ತೇವೆ. ಮದುವೆ ಬಂತು, ಫೀಸು ಕಟ್ಟಬೇಕು, ಆಗ ಸುಲಿದು ಮಾರುತ್ತೇವೆ. ರೇಟು ಬಂದಾಗ ಒಂದೇ ಸಲ ಖಾಲಿ ಮಾಡುತ್ತೇವೆ. ಒಂದು ಭಾಗ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊಗೆ ಹೋಗುತ್ತದೆ, ಇನ್ನೊಂದು ಭಾಗ ಪೇಟೆಯ ವ್ಯಾಪಾರಿಗೆ ನಗದಿಗೆ ಹೋಗುತ್ತದೆ. ಬೆಳೆಗಾರನಿಗೆ ಇದು ಜಾಣತನವೇ. ಆದರೆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಏಳು ತಿಂಗಳು ಏನೂ ಇಲ್ಲ, ಎಂಟನೇ ತಿಂಗಳು ಹಠಾತ್ತನೆ ಆರು ಲಕ್ಷ. ಅಡಿಕೆಯ ಮುಖ ನೋಡದ ಅಧಿಕಾರಿಗೆ ಆ ಆರು ಲಕ್ಷ ಸಂಶಯದ ದುಡ್ಡು.

ಅವರನ್ನು ಬೈಯುವುದರಲ್ಲಿ ನನಗೆ ಆಸಕ್ತಿ ಇಲ್ಲ. ನಮ್ಮ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಸರಿ. ಆದರೆ "ತೆರಿಗೆ ಇಲ್ಲ, ಹಾಗಾಗಿ ರಿಟರ್ನೂ ಬೇಡ" ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೇವೆ. ರಿಟರ್ನಿನಲ್ಲಿ ವಿನಾಯಿತಿ ಇರುವ ಆದಾಯ ಬರೆಯಲು ಜಾಗವೇ ಇದೆ. ಕೃಷಿ ಆದಾಯ 5,000 ರೂಪಾಯಿ ದಾಟಿದರೆ ಸುಲಭದ ಐಟಿಆರ್-1 ಫಾರ್ಮ್ ಆಗುವುದಿಲ್ಲ, ಐಟಿಆರ್-2 ಅಥವಾ 3 ಹಾಕಬೇಕು. ಸ್ವಲ್ಪ ಜಾಸ್ತಿ ಕೆಲಸ, ಅಷ್ಟೇ. ವರ್ಷ ವರ್ಷ ಹಾಕಿದ ರಿಟರ್ನಿಗೆ ಇರುವ ತೂಕ ವೀಸಾ ಬೇಕಾದ ವರ್ಷ ಓಡಿಬಂದು ಹಾಕಿದ್ದಕ್ಕೆ ಇಲ್ಲ.

ಸಿಎ ಸರ್ಟಿಫಿಕೇಟ್ ಇದ್ದರೆ ಎಲ್ಲ ಆಗುತ್ತದೆ ಎಂಬ ನಂಬಿಕೆಯೂ ಗಟ್ಟಿಯಾಗಿದೆ. ನೆಟ್‌ವರ್ತ್ ಸರ್ಟಿಫಿಕೇಟ್ ಹೇಳುವುದು ಆಸ್ತಿ ಎಷ್ಟು, ಸಾಲ ಎಷ್ಟು ಅಂತ. ಆದಾಯದ ಮಾತು ಅದರಲ್ಲಿಲ್ಲ. 2019ರ ಫೆಬ್ರವರಿಯಿಂದ ಇಂಥ ಸರ್ಟಿಫಿಕೇಟಿಗೆಲ್ಲ ಯುಡಿಐಎನ್ ಎಂಬ 18 ಅಂಕೆ-ಅಕ್ಷರಗಳ ಸಂಖ್ಯೆ ಕಡ್ಡಾಯ. ಯಾವ ದೇಶದಲ್ಲಿ ಕೂತವರೂ ಅದನ್ನು ಆನ್‌ಲೈನಿನಲ್ಲಿ ಪರೀಕ್ಷಿಸಬಹುದು. "ಸ್ವಲ್ಪ ಹೆಚ್ಚು ಹಾಕಿ ಕೊಡಿ ಅಕ್ಕ" ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಇನ್ನು ಸೊಸೈಟಿ. ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಪ್ರತಿ ಪೇಟೆಗೂ ಒಂದೆರಡು ಸೊಸೈಟಿ. ಬಡ್ಡಿ ಅರ್ಧ ಪರ್ಸೆಂಟ್ ಜಾಸ್ತಿ, ಮ್ಯಾನೇಜರ್ ಪರಿಚಯ, ಹಾಗಾಗಿ ಎಫ್‌ಡಿ ಎಲ್ಲ ಅಲ್ಲೇ. ಆದರೆ ಕ್ರೆಡಿಟ್ ಸೊಸೈಟಿಗಳು ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿಲ್ಲ, ಸಹಕಾರ ಇಲಾಖೆಯ ಕೆಳಗೆ ಬರುತ್ತವೆ. ಬ್ಯಾಂಕ್ ಠೇವಣಿಗೆ ಇರುವ 5 ಲಕ್ಷದ ವಿಮೆಯೂ ಅಲ್ಲಿಲ್ಲ. ಬ್ರಿಟನ್ ವೀಸಾ ನಿಯಮ ನೇರವಾಗಿಯೇ ಹೇಳುತ್ತದೆ: ಹಣ ಇರುವ ಸಂಸ್ಥೆ ತಾನಿರುವ ದೇಶದ ಹಣಕಾಸು ನಿಯಂತ್ರಕರ ಅಡಿಯಲ್ಲಿರಬೇಕು. ಸೊಸೈಟಿಯ ಹಸಿರು ರಸೀದಿ ಹಿಡಿದುಕೊಂಡು ಅಲ್ಲಿ ವಾದ ಮಾಡಲಾಗುವುದಿಲ್ಲ.

ತಮಾಷೆ ನೋಡಿ. ಕೆನರಾ, ಕಾರ್ಪೊರೇಶನ್ (1906), ಕರ್ಣಾಟಕ ಬ್ಯಾಂಕ್ (1924), ಸಿಂಡಿಕೇಟ್ (1925), ವಿಜಯಾ (1931), ಇಷ್ಟೂ ಬ್ಯಾಂಕುಗಳು ಹುಟ್ಟಿದ್ದು ಮಂಗಳೂರು, ಉಡುಪಿ ಈ ಎರಡು ಊರುಗಳಲ್ಲಿ. ಅಂಥ ಊರಿನವರಿಗೆ ಬ್ಯಾಂಕಿನ ಕಾಗದ ಹೊಂದಿಸುವುದೇ ತಲೆನೋವು. ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ 2020ರಲ್ಲಿ ಬೇರೆ ಬ್ಯಾಂಕುಗಳೊಳಗೆ ಸೇರಿಹೋದವು. ಹಳೆಯ ಬ್ಯಾಂಕಿನ ಹೆಸರಿರುವ ಎಫ್‌ಡಿ ಸರ್ಟಿಫಿಕೇಟನ್ನು ಈಗಲೂ ಜೋಪಾನವಾಗಿ ಇಟ್ಟುಕೊಂಡವರಿದ್ದಾರೆ. ಅರ್ಜಿಗೆ ಮೊದಲು ಅದನ್ನು ಹೊಸ ಹೆಸರಿಗೆ ಬದಲಿಸಿಕೊಳ್ಳಿ. ಹಾಗೆಯೇ ಪಹಣಿಯಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು, ಪಾಸ್‌ಬುಕ್ಕಿನಲ್ಲಿ ಬರೀ ಇನಿಶಿಯಲ್ ಇದ್ದರೆ ಅದನ್ನೂ ಸರಿಮಾಡಿಸಿ.

ಬಾಡಿಗೆ ಆದಾಯ ಇರುವವರಿಗೆ ಸುಲಭ ಅಂತ ನೀವು ಅಂದುಕೊಳ್ಳಬಹುದು. ನಮ್ಮಲ್ಲಿ ಅಗ್ರಿಮೆಂಟ್ ಬಹುತೇಕ 11 ತಿಂಗಳಿಗೆ, ಯಾಕೆಂದರೆ ಒಂದು ವರ್ಷ ದಾಟಿದರೆ ನೋಂದಣಿ ಮಾಡಿಸಬೇಕು. ಮುಂದೆಯೂ ಬರುವ ಆದಾಯ ತೋರಿಸಿ ಅನ್ನುವವರ ಎದುರು ಇನ್ನು ನಾಲ್ಕು ತಿಂಗಳಲ್ಲಿ ಮುಗಿಯುವ ಸ್ಟಾಂಪ್ ಪೇಪರ್ ಇಟ್ಟರೆ ಏನಾದೀತು? ನೋಂದಣಿ ಖರ್ಚು ಹೆದರಿಸುವಷ್ಟು ದೊಡ್ಡದಲ್ಲ. ಮಾಡಿಸಿ. ಬಾಡಿಗೆಯನ್ನು ಕೈಯಲ್ಲಿ ತೆಗೆದುಕೊಳ್ಳುವುದನ್ನೂ ನಿಲ್ಲಿಸಿ.

ನನಗೆ ನಿಜವಾಗಿ ಸಿಟ್ಟು ಬರುವುದು ಬ್ಯಾಲೆನ್ಸ್ ತೋರಿಸಲು ಸಾಲ ಕೊಡಿಸುವ ದಂಧೆಯ ಮೇಲೆ. ಬ್ರಿಟನ್ ವಿದ್ಯಾರ್ಥಿ ವೀಸಾಕ್ಕೆ ಹಣ ಸತತ 28 ದಿನ ಖಾತೆಯಲ್ಲಿರಬೇಕು. ಅಷ್ಟು ದಿನಕ್ಕೆ ಬಡ್ಡಿಗೆ ದುಡ್ಡು ಹಾಕಿಸಿ ಆಮೇಲೆ ತೆಗೆಸುವವರು ಸಿಗುತ್ತಾರೆ. ಹುಡುಗ ಅಲ್ಲಿಗೆ ಇಳಿದಾಗ ಕೈಯಲ್ಲಿ ಏನೂ ಇರುವುದಿಲ್ಲ. ಕಾಗದವೇ ಸುಳ್ಳು ಅಂತ ಗೊತ್ತಾದರೆ ಬ್ರಿಟನ್ 10 ವರ್ಷದ ತನಕ ಬಾಗಿಲು ಹಾಕುತ್ತದೆ, ಕೆನಡಾ 5 ವರ್ಷ. ನೆಲೆಸುವ ವೀಸಾದಲ್ಲಂತೂ ಈ ಆಟ ನಡೆಯುವುದೇ ಇಲ್ಲ. ಸ್ಪೇನ್ ಮೊದಲು ಕೊಡುವುದು ಒಂದು ವರ್ಷಕ್ಕೆ. ನವೀಕರಣಕ್ಕೆ ಹೋದಾಗ ಮುಂದಿನ ಎರಡು ವರ್ಷಕ್ಕೆ ಸಾಕಾಗುವಷ್ಟು ತೋರಿಸಿ ಅನ್ನುತ್ತಾರೆ. ಆಗ ಯಾರ ಹತ್ತಿರ ಸಾಲ ಕೇಳುವುದು?

ಈ ವಿಷಯದಲ್ಲಿ ಜರ್ಮನಿ ನನಗೆ ಇಷ್ಟ. ವಿದ್ಯಾರ್ಥಿ ಹೋಗುವ ಮೊದಲು 11,904 ಯೂರೋ ಬ್ಲಾಕ್ಡ್ ಅಕೌಂಟಿನಲ್ಲಿ ಹಾಕಬೇಕು, ತಿಂಗಳಿಗೆ 992 ಮಾತ್ರ ತೆಗೆಯಬಹುದು. ಹಣ ನಿಜಕ್ಕೂ ಅವನ ಖರ್ಚಿಗೇ ಸಿಗುತ್ತದೆ.

ಎಲ್ಲ ನಿಯಮವೂ ನ್ಯಾಯವಾಗಿದೆ ಅಂತ ನಾನು ಹೇಳುತ್ತಿಲ್ಲ. ಬ್ರಿಟನ್‌ನಲ್ಲಿರುವವರು ಗಂಡನನ್ನೋ ಹೆಂಡತಿಯನ್ನೋ ಕರೆಸಲು ವರ್ಷಕ್ಕೆ 18,600 ಪೌಂಡ್ ಆದಾಯ ಸಾಕಿತ್ತು. 2024ರ ಏಪ್ರಿಲ್‌ನಲ್ಲಿ ಅದನ್ನು 29,000ಕ್ಕೆ ಏರಿಸಿದರು. ಮಣಿಪಾಲದಲ್ಲಿ ಒಳ್ಳೆಯ ಕೆಲಸದಲ್ಲಿರುವ ಗಂಡನ ಇಲ್ಲಿನ ಸಂಬಳ ಲೆಕ್ಕಕ್ಕೇ ಬರುವುದಿಲ್ಲ. ಬರೀ ಉಳಿತಾಯದಿಂದ ತೋರಿಸುವುದಾದರೆ 88,500 ಪೌಂಡ್ ಆರು ತಿಂಗಳು ಇಟ್ಟಿರಬೇಕು. ಗಂಡ ಹೆಂಡತಿ ಒಟ್ಟಿಗೆ ಇರುವುದಕ್ಕೆ ಇಷ್ಟು ಬೆಲೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ.

"ಹಾಗಾದರೆ ತೋಟ ಮಾರಿ ದುಡ್ಡು ಬ್ಯಾಂಕಿಗೆ ಹಾಕಿದರೆ ಆಯ್ತಲ್ವಾ?" ಈ ಪ್ರಶ್ನೆಗೆ ನನ್ನ ಉತ್ತರ: ಅವಸರ ಬೇಡ. ಮಾರಿದ ದುಡ್ಡು ಉಳಿತಾಯ, ಆದಾಯ ಅಲ್ಲ. ಅದರ ಬಡ್ಡಿ ಮಾತ್ರ ಆದಾಯ. ಮೇಲಾಗಿ, ಒಮ್ಮೆ ಎನ್‌ಆರ್‌ಐ ಆದವರು ಭಾರತದಲ್ಲಿ ಕೃಷಿ ಭೂಮಿ ಖರೀದಿಸುವಂತಿಲ್ಲ. ಅಪ್ಪನಿಂದ ಪಾಲು ಬರಬಹುದು, ಆದರೆ ವಿದೇಶ ಬೇಡ ಅಂತ ವಾಪಸ್ ಬಂದವರು ಊರಲ್ಲಿ ಮತ್ತೆ ನೆಲೆಸುವ ತನಕ ಒಂದು ಸೆಂಟ್ಸ್ ತೋಟವೂ ಕೊಳ್ಳಲಾಗುವುದಿಲ್ಲ. ಇಟ್ಟುಕೊಂಡರೆ ಇನ್ನೊಂದು ತೊಡಕು. ಆಳು ಸಿಗದ ಕಾಲ ಇದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವವರು ಯಾರು, ಕೊಯ್ಲು ಮಾಡಿಸುವವರು ಯಾರು? ಗುತ್ತಿಗೆಗೆ ಕೊಡುತ್ತೇವೆ ಅನ್ನುತ್ತಾರೆ. ಭೂಸುಧಾರಣೆ ಬಂದ ಮೇಲೆ ಕರ್ನಾಟಕದಲ್ಲಿ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದಕ್ಕೆ ನಿಷೇಧ. ಹಾಗಾಗಿ ಇಲ್ಲಿ ನಡೆಯುವುದೆಲ್ಲ ಬಾಯಿಮಾತಿನ ಒಪ್ಪಂದ. ಆ ದುಡ್ಡಿಗೆ ಲಿಸ್ಬನ್ನಿನಲ್ಲಿ ತೋರಿಸಲು ಕಾಗದ ಹುಟ್ಟುವುದಿಲ್ಲ.

ಹೋಗುವ ಯೋಚನೆ ಇರುವವರು ಎರಡು ಮೂರು ವರ್ಷ ಮೊದಲೇ ಶುರುಮಾಡಿ. ಅಡಿಕೆಯನ್ನು ತಿಂಗಳಿಗಿಷ್ಟು ಅಂತ ಬಿಲ್ಲು ಕೊಡುವವರಿಗೇ ಮಾರಿ, ದುಡ್ಡು ಖಾತೆಗೇ ಬರಲಿ. ಸೊಸೈಟಿ ಎಫ್‌ಡಿ ಮೆಚ್ಯೂರ್ ಆದ ಹಾಗೆ ಬ್ಯಾಂಕಿಗೆ ತನ್ನಿ, ಬಡ್ಡಿ ತಿಂಗಳು ತಿಂಗಳು ಬರುವ ಹಾಗೆ ಇಡಿ. ರೇಟು ಏರುವ ತನಕ ಕಾಯುವ ಲಾಭ ಸ್ವಲ್ಪ ಕೈತಪ್ಪುತ್ತದೆ, ಗೊತ್ತು. ಮನೆಯ ಹಿರಿಯರು ಅದಕ್ಕೆ ಒಪ್ಪುವುದಿಲ್ಲ ಅನ್ನುವುದೂ ಗೊತ್ತು. ಅವರನ್ನು ಒಪ್ಪಿಸುವ ಕೆಲಸ ನಮ್ಮ ಆಫೀಸಿನಲ್ಲಿ ಮಾಡಿಕೊಡುವುದಿಲ್ಲ.