ಮುಯ್ಯಿ ಪುಸ್ತಕದಲ್ಲಿದೆ, ಸದನದಲ್ಲಿಲ್ಲ

ಇಂಗ್ಲೆಂಡಿನಲ್ಲಿರುವ ಅಣ್ಣನ ಮಗ ಭಾನುವಾರ ಭಾನುವಾರ ಫೋನ್ ಮಾಡುತ್ತಾನೆ. ಅಲ್ಲಿಯ ಮಳೆ, ಇಲ್ಲಿಯ ಮೊಣಕಾಲು ನೋವು, ಉಪ್ಪಿನಕಾಯಿ ಯಾವಾಗ ಕಳಿಸ್ತೀರಿ, ಇಷ್ಟು ಮುಗಿದರೆ ಫೋನ್ ಇಡುವುದು ವಾಡಿಕೆ. ಮೊನ್ನೆ ಮಾತ್ರ ಹುಡುಗ ದಾರಿ ತಪ್ಪಿದ. "ಚಿಕ್ಕಪ್ಪ, ಸಂಬಳ ಡಬಲ್ ಮಾಡ್ಕೊಂಡ್ರಲ್ಲ, ಆ ಬಿಲ್ಲಿಗೆ ನಿಮ್ಮ ಎಂಎಲ್‌ಎ ಹೌದು ಅಂದ್ರಾ, ಇಲ್ಲ ಅಂದ್ರಾ?"

ನನಗೆ ಗೊತ್ತಿರಲಿಲ್ಲ. ಎರಡು ದಿನ ಹುಡುಕಿದೆ. ಯಾರಿಗೂ ಗೊತ್ತಿಲ್ಲ ಎಂಬುದು ಈಗ ಗೊತ್ತಾಗಿದೆ.

2025ರ ಮಾರ್ಚ್ 21 ನಿಮಗೂ ನೆನಪಿರುತ್ತದೆ. ಹನಿಟ್ರ್ಯಾಪ್ ಗಲಾಟೆ, ಸ್ಪೀಕರ್ ಪೀಠದತ್ತ ಹಾರಿದ ಕಾಗದದ ಚೂರು, ಮಾರ್ಷಲ್‌ಗಳು ಹೊತ್ತುಕೊಂಡು ಹೋದ ಶಾಸಕರು, 18 ಜನರ ಸಸ್ಪೆಂಡು. ಸಂತೆಯಲ್ಲಿ ಜಗಳ ನೋಡುತ್ತಾ ನಿಂತವನ ಜೇಬಿಗೆ ಯಾರೋ ಕೈ ಹಾಕಿದ ಹಾಗೆ, ಆ ಗದ್ದಲದಲ್ಲೇ ಸಂಬಳದ ಬಿಲ್ಲೂ ಪಾಸಾಯಿತು. ಚರ್ಚೆಯೇ ಇಲ್ಲ. ಮುಖ್ಯಮಂತ್ರಿಗೆ 75 ಸಾವಿರ ಇದ್ದದ್ದು ಒಂದೂವರೆ ಲಕ್ಷ. ಮಂತ್ರಿಗಳಿಗೆ 60 ಸಾವಿರ ಇದ್ದದ್ದು ಒಂದೂಕಾಲು ಲಕ್ಷ. ಶಾಸಕರಿಗೆ 40 ಸಾವಿರ ಇದ್ದದ್ದು 80. ಭತ್ಯೆಗಳು ಬೇರೆ. ಮಾಜಿಗಳನ್ನೂ ಮರೆಯಲಿಲ್ಲ, ಅವರ ಪಿಂಚಣಿ 50 ಸಾವಿರದಿಂದ 75ಕ್ಕೆ ಹೋಯಿತು. 2023ರಲ್ಲಿ ಗೆದ್ದವರ ಅಫಿಡವಿಟ್ಟುಗಳನ್ನು ಚುನಾವಣೆಗಳ ಮೇಲೆ ಕಣ್ಣಿಡುವ ಎಡಿಆರ್ ಸಂಸ್ಥೆಯವರು ಕೂಡಿ ಭಾಗಿಸಿದಾಗ ತಲಾ ಆಸ್ತಿ 64 ಕೋಟಿ ಬಂದಿತ್ತು. ಪಾಪ, 64 ಕೋಟಿ ಇಟ್ಟುಕೊಂಡು ತಿಂಗಳು ತೂಗಿಸುವುದು ಸುಲಭವಾ?

2022ರ ಫೆಬ್ರವರಿಯಲ್ಲೂ ಹೀಗೇ ಆಗಿತ್ತು. ಆಗ ಧರಣಿ ಕೂತಿದ್ದು ಕಾಂಗ್ರೆಸ್, ಪಾಸು ಮಾಡಿದ್ದು ಬಿಜೆಪಿ. ಈ ಸಲ ವೇಷ ಅದಲುಬದಲು, ಪ್ರಸಂಗ ಅದೇ.

ಇಷ್ಟಕ್ಕೂ ಸದನದಲ್ಲಿ ಬಿಲ್ಲು ಪಾಸಾಗುವುದು ಧ್ವನಿಮತದಿಂದ. ಪರವಾಗಿರುವವರು ಹೌದು ಎನ್ನಿ, ವಿರೋಧ ಇರುವವರು ಇಲ್ಲ ಎನ್ನಿ ಅಂತ ಪೀಠದಿಂದ ಕೇಳುತ್ತಾರೆ. ಕೆಳಗಿನಿಂದ ಒಂದು ಸದ್ದು ಬರುತ್ತದೆ. ಹೌದು ಎನ್ನುವವರೇ ಜಾಸ್ತಿ, ಅಂಗೀಕಾರವಾಯಿತು. ಎಷ್ಟು ಜನ ಹೌದು ಅಂದರು, ಯಾರು ಬಾಯಿ ಮುಚ್ಚಿಕೊಂಡಿದ್ದರು, ಯಾರು ಆಕಳಿಸಿದ್ದು ಹೌದು ಅಂತ ಕೇಳಿಸಿತು, ಒಂದೂ ಬರೆದಿಟ್ಟಿರುವುದಿಲ್ಲ. ಹೆಸರು ಹಿಡಿದು ಲೆಕ್ಕ ಸಿಗಬೇಕಾದರೆ ಮತ ವಿಭಜನೆ ಆಗಬೇಕು. ಅದನ್ನು ಸದಸ್ಯರೇ ಯಾರಾದರೂ ಕೇಳಬೇಕು. ಎಲೆ ಮುಂದೆ ಕೂತವರು ಹೋಳಿಗೆ ಬಡಿಸುವಾಗ ಬೇಡ ಎಂದಾರೆಯೇ?

ತಲೆ ಎಣಿಸಲು ಇವರಿಗೆ ಬರುವುದಿಲ್ಲ ಅಂತಲ್ಲ. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ ಬಿದ್ದಾಗ ಲೆಕ್ಕ ಪಕ್ಕಾ ಇತ್ತು: ಪರ 99, ವಿರುದ್ಧ 105. ಅವತ್ತು ಒಂದೊಂದು ತಲೆಯನ್ನೂ ಎಣಿಸಿದರು. ಬರದಿದ್ದವರು ಮುಂಬೈಯಲ್ಲಿ ಎಲ್ಲಿದ್ದಾರೆ ಎಂಬುದೂ ಇಡೀ ರಾಜ್ಯಕ್ಕೆ ಗೊತ್ತಿತ್ತು.

ಅಣ್ಣನ ಮಗನಿಗೆ ಇದನ್ನು ವಿವರಿಸುವಷ್ಟರಲ್ಲಿ ನನಗೆ ಸಾಕಾಯಿತು. ಅವನಿರುವ ದೇಶದಲ್ಲಿ ಸಂಸದರು ಎದ್ದು, ಹೌದು ಅನ್ನುವವರು ಒಂದು ಬಾಗಿಲಿಗೆ, ಇಲ್ಲ ಅನ್ನುವವರು ಇನ್ನೊಂದು ಬಾಗಿಲಿಗೆ ನಡೆದು ಹೋಗುತ್ತಾರಂತೆ. ಹೆಸರು ದಾಖಲಾಗುತ್ತದೆ, ಕಂಪ್ಯೂಟರ್ ಮುಂದೆ ಕೂತು ಯಾರು ಬೇಕಾದರೂ ನೋಡಬಹುದು. ಖರ್ಚಿನ ಬಿಲ್ಲುಗಳೂ ಅಷ್ಟೇ. 2009ರಲ್ಲಿ ಅಲ್ಲಿ ದೊಡ್ಡ ರಾದ್ಧಾಂತ ಆಯಿತಲ್ಲ. ಒಬ್ಬ ಸಂಸದ ತನ್ನ ಮನೆಯ ಕೊಳದಲ್ಲಿ ಬಾತುಕೋಳಿಗಳಿಗೆ ತೇಲುವ ಗೂಡು ಕಟ್ಟಿಸಿ, 1,645 ಪೌಂಡ್ ಕೊಡಿ ಎಂದು ಸಂಸತ್ತಿನ ಕಚೇರಿಗೆ ಬಿಲ್ಲು ಹಾಕಿದ್ದ. ಬಿಲ್ಲು ಪಾಸೂ ಆಗಲಿಲ್ಲ. ಆದರೂ ಜನ ಉಗಿದರು, ಆಸಾಮಿ ಮುಂದಿನ ಚುನಾವಣೆಗೆ ನಿಲ್ಲಲಿಲ್ಲ. ನನಗೆ ಬೇಜಾರಾಗಿದ್ದು ಬಾತುಕೋಳಿಗಳ ಬಗ್ಗೆ. ಅವು ಏನು ಮಾಡಿದ್ದವು? ನಮ್ಮಲ್ಲಾಗಿದ್ದರೆ ಅದೇ ಗೂಡಿಗೆ ಶಾಸಕರ ಅನುದಾನ ಬರುತ್ತಿತ್ತು, ಗುದ್ದಲಿ ಪೂಜೆ ಒಂದು ದಿನ, ಉದ್ಘಾಟನೆ ಇನ್ನೊಂದು ದಿನ. ಬಾತುಕೋಳಿಗಿಂತ ದೊಡ್ಡದೊಂದು ಫೋಟೋ ಗೂಡಿನ ನೆತ್ತಿಯ ಮೇಲೆ. ನಮ್ಮ ಬಸ್ ಸ್ಟಾಪಿಗೆ ಆಗಿರುವುದು ಅದೇ. ಕೂರಲು ಇರುವುದು ಮೂರು ಜನಕ್ಕೆ ಜಾಗ, ಅದರಲ್ಲೊಂದು ಕಡೆ ನಾಯಿ ಮಲಗಿರುತ್ತದೆ. ಮೇಲೆ ಬೋರ್ಡಿನಲ್ಲಿ ಏಳು ಜನ ಕೈ ಮುಗಿದು ನಿಂತಿದ್ದಾರೆ.

ಬಾತುಕೋಳಿ ಬಿಡಿ. ಖರ್ಚಿನ ಮಾತು ಬಂದಿದ್ದಕ್ಕೆ ಇದೊಂದು ಹೇಳಿಬಿಡುತ್ತೇನೆ. ವಿಧಾನಸಭೆಗೆ ನಿಂತವರು ಒಬ್ಬೊಬ್ಬರು 40 ಲಕ್ಷಕ್ಕಿಂತ ಜಾಸ್ತಿ ಖರ್ಚು ಮಾಡುವಂತಿಲ್ಲ. 2023ರ ಚುನಾವಣೆಯಲ್ಲಿ ನಗದು, ಹೆಂಡ, ಚಿನ್ನ, ಸೀರೆ, ಕುಕ್ಕರು ಎಲ್ಲ ಸೇರಿ ಹಿಡಿದ ಮಾಲು 375 ಕೋಟಿ. ಅದು ಯಾರ ಲೆಕ್ಕದ ಪುಸ್ತಕಕ್ಕೆ ಸೇರಬೇಕಿತ್ತೋ ಏನೋ.

ನಮ್ಮಲ್ಲಿ ಹಾಜರಾತಿಯ ಕಾಳಜಿ ಇಲ್ಲ ಅಂತ ಮಾತ್ರ ಯಾರೂ ಹೇಳಬಾರದು. ಸ್ಪೀಕರ್ ಖಾದರ್ ಅವರು ಈ ವಿಷಯದಲ್ಲಿ ಒಳ್ಳೆಯ ಹೆಡ್‌ಮೇಷ್ಟ್ರು. ಬೇಗ ಬಂದವರ ಹೆಸರು ಓದಿ ಹೇಳಿದರು. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಅಂತ ನೋಡಲು 2024ರಲ್ಲಿ ಎಐ ಕ್ಯಾಮೆರಾ ಎಂದರು. 2025ರಲ್ಲಿ, ಮಧ್ಯಾಹ್ನ ಊಟವಾದ ಮೇಲೆ ಶಾಸಕರು ವಾಪಸ್ ಬರುತ್ತಿಲ್ಲ, ಅಲ್ಲೇ ಸ್ವಲ್ಪ ಒರಗಿಕೊಳ್ಳಲಿ ಅಂತ ರಿಕ್ಲೈನರ್ ಕುರ್ಚಿಯ ಯೋಚನೆ ಬಂತು. ಕೊಳ್ಳುವುದು ದುಂದು, ಬಾಡಿಗೆಗೆ ತರೋಣ ಎಂದರು. ಇಲ್ಲಿ ಉಳಿತಾಯವನ್ನೂ ಗಮನಿಸಬೇಕು ನೀವು.

ಸದನ ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕು ಎಂದು 2005ರಲ್ಲಿ ಇವರೇ ಕಾನೂನು ಮಾಡಿಕೊಂಡಿದ್ದಾರೆ. ಅಪ್ಪಣೆ ಇಲ್ಲದೆ 60 ದಿನ ಗೈರಾದರೆ ಸೀಟು ಖಾಲಿ ಎಂದು ಘೋಷಿಸಬಹುದು, ಇದು ಸಂವಿಧಾನದ 190ನೇ ವಿಧಿ. ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಸದನವೇ ಹೆಚ್ಚಿನ ವರ್ಷ 60 ದಿನ ಮುಟ್ಟುವುದಿಲ್ಲ. ಸದನವನ್ನು ನಾಲ್ಕು ದಿನಕ್ಕಿಂತ ಹೆಚ್ಚು ಮುಂದೂಡಿದರೆ ಆ ದಿನಗಳು ಗೈರುಹಾಜರಿಯ ಲೆಕ್ಕಕ್ಕೂ ಬರುವುದಿಲ್ಲ. ಒಂದೇ ವರ್ಷದಲ್ಲಿ 60 ದಿನ ಚಕ್ಕರ್ ಹೊಡೆಯಬೇಕೆಂದು ಹಟ ತೊಟ್ಟವನಿಗೂ ಕಷ್ಟ. ಬೆಳಗಾವಿಯ ಸುವರ್ಣಸೌಧವಂತೂ ಚಳಿಗಾಲದ ಅಧಿವೇಶನ ಬಿಟ್ಟರೆ ಖಾಲಿ. 2022ರಲ್ಲಿ ಕೂಲಿ ಹೆಂಗಸೊಬ್ಬರು ಅದರ ಮುಂದೆ ಶಾವಿಗೆ ಒಣಹಾಕಿದ ಫೋಟೋ ಬಂದಾಗ ಎಲ್ಲರಿಗೂ ಸಿಟ್ಟು ಬಂದಿತ್ತು. ನನಗೆ ಖುಷಿಯಾಗಿತ್ತು. ಅಷ್ಟಾದರೂ ಉಪಯೋಗಕ್ಕೆ ಬಂತಲ್ಲ.

ದೆಹಲಿಗೆ ಕಳಿಸಿದವರ ಕಥೆಯೂ ಅಷ್ಟೇ. ಕಳೆದ ಲೋಕಸಭೆಯ ಐದೂ ವರ್ಷ ಚರ್ಚೆಯಲ್ಲಿ ಒಂದು ಮಾತೂ ಆಡದ 9 ಸಂಸದರ ಪಟ್ಟಿ 2024ರಲ್ಲಿ ಬಂತು. ಅದರಲ್ಲಿ 4 ಜನ ನಮ್ಮವರು. ಮೌನಕ್ಕೇನಾದರೂ ಪ್ರಶಸ್ತಿ ಇದ್ದಿದ್ದರೆ ಕರ್ನಾಟಕಕ್ಕೇ ಬರುತ್ತಿತ್ತು.

ತಮಾಷೆ ಸಾಕು. ನರೇಗಾದಲ್ಲಿ ಕೆರೆ ಹೂಳೆತ್ತುವ ಹೆಂಗಸಿಗೆ ದಿನಕ್ಕೆ ಎರಡು ಸಲ ಫೋಟೋ. 2023ರ ಜನವರಿಯಿಂದ ಕಡ್ಡಾಯ ಮಾಡಿದರು. ಕೂಲಿ ಗುಂಪಿನ ಹಾಜರಿ ನೋಡಿಕೊಳ್ಳುವ ಕಾಯಕ ಬಂಧು ಮೊಬೈಲು ಎತ್ತಿ ಹಿಡಿದುಕೊಂಡು ಏರಿಯ ಮೇಲೆ ನೆಟ್‌ವರ್ಕ್ ಹುಡುಕುತ್ತಾನೆ. ಇವರು ಬುಟ್ಟಿ ಕೆಳಗಿಟ್ಟು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಸಾಲಾಗಿ ನಿಲ್ಲುತ್ತಾರೆ. ಫೋಟೋ ಹೋಗಲಿಲ್ಲ ಅಂದರೆ ಹಾಜರಿ ಇಲ್ಲ. ಹಾಜರಿ ಇಲ್ಲ ಅಂದರೆ ಕೂಲಿ ಇಲ್ಲ. 2025–26ರಲ್ಲಿ ಆ ಕೂಲಿ 370 ರೂಪಾಯಿ. ಅದನ್ನು ಡಬಲ್ ಮಾಡಿ ಅಂತ ಯಾವ ಗದ್ದಲದಲ್ಲೂ ಯಾರೂ ಹೌದು ಅಂದಿಲ್ಲ. ಬುಟ್ಟಿ ಹೊತ್ತವಳ ಮೇಲೆ ನಂಬಿಕೆ ಇಲ್ಲ, ಬಜೆಟ್ಟು ಪಾಸು ಮಾಡುವವರು ಏನೆಂದರು ಅಂತ ಬರೆದುಕೊಳ್ಳಲು ಒಂದು ಹಾಳೆ ಇಲ್ಲ. ನಾಚಿಕೆ ಆಗಬೇಕು. ಯಾರಿಗೆ ಅಂತ ನನಗೂ ಸರಿಯಾಗಿ ಗೊತ್ತಿಲ್ಲ.

ಯಾಕೆಂದರೆ ನಾವೇನು ಕಡಿಮೆಯಾ? ಅವರ ಹಾಜರಾತಿ ನಾವೂ ಇಡುತ್ತೇವೆ. ಬೀಗರೂಟಕ್ಕೆ ಬಂದ್ರಾ, ಗೃಹಪ್ರವೇಶಕ್ಕೆ ಬಂದ್ರಾ, ಅಜ್ಜಿ ತಿಥಿಗೆ ಬಂದು ಎಷ್ಟು ಹೊತ್ತು ಕೂತಿದ್ರು. "ಒಳ್ಳೆ ಮನುಷ್ಯ ಕಣಪ್ಪ, ಸಾವಿಗೆ ಬಂದಿದ್ದ" ಎಂದು ಓಟು ಒತ್ತಿದವರು ನಮ್ಮ ಮನೆಯಲ್ಲೇ ಇದ್ದಾರೆ.

ಅಣ್ಣನ ಮಗನಿಗೆ ಏನಾದರೂ ದಾಖಲೆ ಕಳಿಸಬೇಕಿತ್ತಲ್ಲ. ಅಕ್ಕನ ಮನೆಗೆ ಹೋದಾಗ ಅವಳ ಮಗಳ ಮದುವೆಯ ಮುಯ್ಯಿ ಪುಸ್ತಕ ಕೇಳಿದೆ. ಭಾವ ಬೀರುವಿನಿಂದ ತೆಗೆದುಕೊಟ್ಟರು. 200 ಪುಟದ ನೋಟ್‌ಬುಕ್ಕು, ನಾಲ್ಕೂ ಮೂಲೆಗೆ ಅರಿಶಿನ, ತಲೆಯ ಮೇಲೆ ಶ್ರೀ. ಹೆಸರು, ಊರು, ಮೊತ್ತ. 51 ರೂಪಾಯಿ ಕೊಟ್ಟವರೂ ಇದ್ದಾರೆ. 'ಸ್ಟೀಲ್ ಬಿಂದಿಗೆ, 1' ಎಂದೂ ಇದೆ. ಡೇರಿ ಸೆಕ್ರೆಟರಿ, 501. ಒಂದು ಕಾಟು ಇಲ್ಲ, ಚಿತ್ತು ಇಲ್ಲ. 143ನೇ ಸಾಲಿನಲ್ಲಿ 'ಮಾನ್ಯ ಶಾಸಕರು, 5001'. ಪಕ್ಕದಲ್ಲಿ ಭಾವ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ: 'ಪಿಎ ಕೈಲಿ'.

ಫೋಟೋ ತೆಗೆದು ಕಳಿಸಿದೆ. ಪುಸ್ತಕ ವಾಪಸ್ ಕೊಡುವಾಗ ಭಾವ ಆ ಸಾಲಿನ ಮೇಲೆ ಇನ್ನೊಂದು ಸಲ ಬೆರಳಿಟ್ಟು ನೋಡಿದರು. ಶಾಸಕರ ಮಗನ ಮದುವೆ ಬಂತಂತೆ. ಮೊನ್ನೆಯಿಂದ 5001 ಹೊಂದಿಸುತ್ತಿದ್ದಾರೆ.