ಸಮಾನತೆಯ ಪಾಠವೂ ಓದಿಸಿಕೊಳ್ಳದ ಪಿಡಿಎಫ್ಪೂ

ಕಳೆದ ಸೆಮಿಸ್ಟರಿನಲ್ಲಿ ಬಿ.ಎ. ಎರಡನೇ ವರ್ಷದವರಿಗೆ ‘ಸಮಾನತೆ’ಯ ಅಧ್ಯಾಯ ತೆಗೆದುಕೊಳ್ಳುವಾಗ, ವರ್ಷಗಳಿಂದ ಬಳಸುತ್ತಿರುವ ನನ್ನ ಹಳೆಯ ನೋಟ್ಸನ್ನೇ ಮತ್ತೆ ಓದಿ ಹೇಳುವುದು ಬೇಡವೆನಿಸಿತು. ಬ್ರಿಟನ್ನಿನ ಉನ್ನತ ಶಿಕ್ಷಣ ಸಂಸ್ಥೆಗಳ ಅಧ್ಯಾಪಕರಿಗಾಗಿ ಸಿದ್ಧಪಡಿಸಿದ್ದ, ಸಮಾನತೆ, ವೈವಿಧ್ಯ ಮತ್ತು ಒಳಗೊಳ್ಳುವಿಕೆಯನ್ನು ಕುರಿತ ಒಂದು ಉಚಿತ ಪಠ್ಯವನ್ನು ಇಳಿಸಿಕೊಂಡು ಅದರ ಸಾರವನ್ನು ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆದೆ. ಅಲ್ಲಿನ 2010ರ ಸಮಾನತಾ ಕಾಯ್ದೆಯು ಒಂಬತ್ತು ಆಧಾರಗಳ ಮೇಲೆ ಯಾರನ್ನೂ ತಾರತಮ್ಯದಿಂದ ನೋಡಬಾರದೆಂದು ಹೇಳುತ್ತದೆ: ವಯಸ್ಸು, ಅಂಗವೈಕಲ್ಯ, ಲಿಂಗ ಪರಿವರ್ತನೆ, ವಿವಾಹ ಅಥವಾ ನೋಂದಾಯಿತ ಸಹಜೀವನ, ಗರ್ಭಧಾರಣೆ ಮತ್ತು ತಾಯ್ತನ, ಜನಾಂಗ, ಧರ್ಮ ಅಥವಾ ನಂಬಿಕೆ, ಲಿಂಗ, ಲೈಂಗಿಕ ಒಲವು. ಒಂಬತ್ತನ್ನೂ ಬರೆದು ಕೈಗೆ ಮೆತ್ತಿದ ಸೀಮೆಸುಣ್ಣ ಒರೆಸಿಕೊಳ್ಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಮೇಡಂ, ಜಾತಿ ಬರೀಲೇ ಇಲ್ಲಲ್ರೀ” ಎಂದ. ನಾನು ಮರೆತಿದ್ದೇನೆಂದೇ ಅವನು ತಿಳಿದಿದ್ದ.

ನಾನು ಮರೆತಿರಲಿಲ್ಲ, ಪಠ್ಯದಲ್ಲಿಯೇ ಇರಲಿಲ್ಲ. ಅದಕ್ಕೊಂದು ಕಥೆಯೂ ಇದೆ. ಬ್ರಿಟನ್ನಿನ ಕಾಯ್ದೆಯಲ್ಲಿ ‘ಜನಾಂಗ’ ಎಂಬುದರ ಅಡಿಯಲ್ಲಿ ಜಾತಿಯನ್ನೂ ಸೇರಿಸಿಕೊಳ್ಳಲು ಮೊದಲಿನಿಂದಲೂ ಅವಕಾಶವಿತ್ತು. 2013ರಲ್ಲಿ ಸಂಸತ್ತು ಅದನ್ನು ಸರ್ಕಾರದ ಕರ್ತವ್ಯವೆಂದೇ ತಿದ್ದುಪಡಿ ಮಾಡಿತು. ಆದರೆ ಅಲ್ಲಿ ನೆಲೆಸಿರುವ ಭಾರತೀಯ ಮೂಲದವರ ನಡುವೆಯೇ ಪರ ವಿರೋಧದ ದೊಡ್ಡ ವಾಗ್ವಾದ ನಡೆದು, ಕೊನೆಗೆ 2018ರ ಜುಲೈನಲ್ಲಿ ಸರ್ಕಾರವು ಕಾಯ್ದೆಯಲ್ಲಿ ಜಾತಿಯ ಹೆಸರನ್ನು ಬರೆಯುವ ಅಗತ್ಯವಿಲ್ಲ, ನ್ಯಾಯಾಲಯದ ತೀರ್ಪುಗಳೇ ಸಾಕು ಎಂದು ಕೈತೊಳೆದುಕೊಂಡಿತು. ಹಾಗಾಗಿ ಅಲ್ಲಿನವರು ತಮ್ಮ ಅಧ್ಯಾಪಕರಿಗೆ ಬರೆದುಕೊಂಡ ಪಠ್ಯದಲ್ಲಿ ಜಾತಿ ಇಲ್ಲದಿರುವುದು ಅವರ ಮಟ್ಟಿಗೆ ತಪ್ಪಲ್ಲ. ತಪ್ಪು ನನ್ನದು. ನಮ್ಮ ಸಂವಿಧಾನದ 15ನೇ ವಿಧಿಯು ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ ಎಂದು ಎಣಿಸುವಾಗ ಯಾವುದನ್ನು ನಡುಮಧ್ಯದಲ್ಲಿಟ್ಟಿದೆಯೋ ಅದನ್ನೇ ಬಿಟ್ಟ ಪಟ್ಟಿಯೊಂದನ್ನು ನಾನು ಈ ಊರಿನ ಮಕ್ಕಳೆದುರು ಸಮಾನತೆಯ ಪಟ್ಟಿಯೆಂದು ಬರೆದಿದ್ದೆ.

ಅಂದು ಸಂಜೆ ಆ ಪಠ್ಯವನ್ನು ಕನ್ನಡಕ್ಕೆ ತಂದು, ಜಾತಿಯ ಕುರಿತು ಒಂದು ಭಾಗ ಸೇರಿಸಿ, ವಿದ್ಯಾರ್ಥಿಗಳಿಗೆ ಹಂಚೋಣವೆಂದು ಕುಳಿತೆ. ಕೊನೆಯ ಪುಟದ ಪರವಾನಗಿಯ ಸಾಲನ್ನು ಆಗಲೇ ಗಮನವಿಟ್ಟು ಓದಿದ್ದು. ಅದು, ಬರೆದವರು ತಮ್ಮ ಕೃತಿಯನ್ನು ಇತರರು ಬಳಸಲು ಮೊದಲೇ ಅನುಮತಿ ಕೊಟ್ಟಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯೇ ಆಗಿತ್ತು, ಆದರೆ ‘ನೋ ಡೆರಿವೇಟಿವ್ಸ್’ ಎಂಬ ಷರತ್ತಿನದು. ಹಂಚಬಹುದು, ಮುದ್ರಿಸಬಹುದು, ಆದರೆ ಬದಲಿಸಿದ ರೂಪವನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಅನುವಾದವೂ ಬದಲಾವಣೆಯೇ. ಎಂದರೆ, ಇಂಗ್ಲಿಷ್ ಬಾರದ ವಿದ್ಯಾರ್ಥಿಗೆ ಒಳಗೊಳ್ಳುವಿಕೆಯ ಪಾಠವನ್ನು ಇಂಗ್ಲಿಷಿನಲ್ಲಿಯೇ, ಒಂದಕ್ಷರ ಆಚೀಚೆಯಾಗದಂತೆ ಕೊಡಲು ನನಗೆ ಪೂರ್ಣ ಸ್ವಾತಂತ್ರ್ಯವಿತ್ತು.

ಮುಕ್ತ ಶೈಕ್ಷಣಿಕ ಸಂಪನ್ಮೂಲವೆಂಬ ಮಾತು ನಮ್ಮ ಕಾರ್ಯಾಗಾರಗಳಲ್ಲಿ ಎಷ್ಟು ಸವೆದಿದೆಯೆಂದರೆ, ದುಡ್ಡು ಕೊಡದೆ ಸಿಗುವ ಯಾವ ಫೈಲನ್ನಾದರೂ ಹಾಗೆನ್ನುವುದು ರೂಢಿಯಾಗಿಬಿಟ್ಟಿದೆ. ಆ ಹೆಸರು ಹುಟ್ಟಿದ್ದು 2002ರಲ್ಲಿ, ಪ್ಯಾರಿಸ್ಸಿನಲ್ಲಿ ಯುನೆಸ್ಕೋ ಕರೆದಿದ್ದ ಸಭೆಯಲ್ಲಿ. 2019ರ ನವೆಂಬರಿನಲ್ಲಿ ಯುನೆಸ್ಕೋ ಅಂಗೀಕರಿಸಿದ ಶಿಫಾರಸಿನಲ್ಲಿಯೂ ಪಡೆಯುವುದು, ಮರುಬಳಸುವುದು, ಹಂಚುವುದು ಇವುಗಳ ಜೊತೆಗೆ ತಮಗೆ ಬೇಕಾದಂತೆ ಮಾರ್ಪಡಿಸಿಕೊಳ್ಳುವ ಹಕ್ಕನ್ನು ಸ್ಪಷ್ಟವಾಗಿ ಹೇಳಲಾಗಿದೆ. ಗಣಿತದ ಅಥವಾ ರಸಾಯನಶಾಸ್ತ್ರದ ಪಠ್ಯದಲ್ಲಿ ಈ ಹಕ್ಕು ಇಲ್ಲದಿದ್ದರೆ ತೊಂದರೆಯೇನೋ ಆಗುತ್ತದೆ, ಆದರೆ ಬೆಂಜೀನಿನ ರಚನೆ ಮ್ಯಾಂಚೆಸ್ಟರಿನಲ್ಲೂ ಮಸ್ಕಿಯಲ್ಲೂ ಒಂದೇ. ಸಮಾನತೆಯ ವಿಷಯ ಹಾಗಲ್ಲ. ಯಾರನ್ನು ಯಾವ ಬಾಗಿಲಲ್ಲಿ ತಡೆದು ನಿಲ್ಲಿಸುತ್ತಾರೆ ಎಂಬುದು ಊರಿಂದ ಊರಿಗೆ ಬೇರೆ. ಆದ್ದರಿಂದ ಬೇರೆ ವಿಷಯಗಳಲ್ಲಿ ಇದ್ದರೆ ಒಳ್ಳೆಯದೆನಿಸುವ ತಿದ್ದುವ ಹಕ್ಕು ಈ ವಿಷಯದಲ್ಲಿ ಇರಲೇಬೇಕಾದದ್ದು ಎನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ತಿದ್ದಲು ಬಿಡದ ಸಮಾನತೆಯ ಪಠ್ಯವು ನಮ್ಮನ್ನು ಓದುಗರೆಂದು ಒಪ್ಪುತ್ತದೆಯೇ ಹೊರತು ಬರೆಯಬಲ್ಲವರೆಂದು ಒಪ್ಪುವುದಿಲ್ಲ.

ಎಲ್ಲರೂ ಹೀಗೆ ಬೀಗ ಹಾಕಿಕೊಂಡಿದ್ದಾರೆಂದು ಹೇಳುತ್ತಿಲ್ಲ. ಐಐಟಿಗಳು ಮತ್ತು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟೆಲ್ ಎಂಬ ಅಂತರ್ಜಾಲ ಪಾಠಗಳನ್ನು ಹೆಸರು ಉಲ್ಲೇಖಿಸಿ, ಅದೇ ಷರತ್ತಿನಲ್ಲಿ ಮುಂದಕ್ಕೆ ಹಂಚುವುದಾದರೆ ಯಾರು ಬೇಕಾದರೂ ಬದಲಿಸಿಕೊಳ್ಳಬಹುದು. ವಿಕಿಪೀಡಿಯದ ನಿಯಮವೂ ಅದೇ. ಹಕ್ಕುಸ್ವಾಮ್ಯವಿರುವ ಪುಸ್ತಕಗಳ ವಿಷಯದಲ್ಲಿಯೂ ನಮ್ಮ ಕಾನೂನು ಬಡ ವಿದ್ಯಾರ್ಥಿಯ ಕಡೆಗೆ ಒಂದಿಷ್ಟು ವಾಲಿದೆ. ದೆಹಲಿ ವಿಶ್ವವಿದ್ಯಾಲಯದ ಆವರಣದ ಒಂದು ಜೆರಾಕ್ಸ್ ಅಂಗಡಿಯ ಮೇಲೆ ಮೂರು ದೊಡ್ಡ ವಿದೇಶಿ ಪ್ರಕಾಶನ ಸಂಸ್ಥೆಗಳು 2012ರಲ್ಲಿ ದಾವೆ ಹೂಡಿದ್ದು, 2016ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ವಜಾ ಮಾಡಿದ್ದು ಹಲವರಿಗೆ ನೆನಪಿರಬಹುದು. ಬೋಧನೆಯ ಭಾಗವಾಗಿ ಪುಸ್ತಕದ ಅಧ್ಯಾಯಗಳನ್ನು ಪ್ರತಿ ಮಾಡಿ ಕೊಡುವುದಕ್ಕೆ ಕಾಯ್ದೆಯಲ್ಲೇ ಅವಕಾಶವಿದೆಯೆಂದು ನ್ಯಾಯಾಲಯ ಹೇಳಿತು. ಜೆರಾಕ್ಸ್ ಅಂಗಡಿಯ ಋಣದಲ್ಲೇ ಎಂ.ಎ. ಮುಗಿಸಿದ ನನ್ನಂಥವರಿಗೆ ಆ ತೀರ್ಪು ಸ್ವಂತ ಮನೆಯ ವ್ಯಾಜ್ಯ ಗೆದ್ದಷ್ಟು ಸಂತೋಷ ಕೊಟ್ಟಿತ್ತು.

ಇಷ್ಟೆಲ್ಲ ಹೇಳಿ ಬ್ರಿಟನ್ನಿನವರನ್ನು ದೂರಿದ ಮೇಲೆ ನಮ್ಮ ಮನೆಯ ಕಸವನ್ನೂ ತೋರಿಸಬೇಕು. ಅದೇ ತರಗತಿಯಲ್ಲಿ ದೃಷ್ಟಿದೋಷವಿರುವ ಒಬ್ಬ ಹುಡುಗಿ ಇದ್ದಾಳೆ. ಫೋನಿನಲ್ಲಿರುವ ಓದಿಹೇಳುವ ತಂತ್ರಾಂಶದ ನೆರವಿನಿಂದ ವಾಟ್ಸಾಪ್ ಸಂದೇಶಗಳನ್ನು ನಮಗಿಂತ ಬೇಗ ಕೇಳಿಸಿಕೊಂಡು ಉತ್ತರಿಸುತ್ತಾಳೆ. ಆಕೆಗೆ ನಾನು ಹೆಮ್ಮೆಯಿಂದ ನನ್ನ ಹಳೆಯ ಕನ್ನಡ ನೋಟ್ಸಿನ ಪಿಡಿಎಫ್ ಕಳಿಸಿದೆ. ಮರುದಿನ ಸ್ಟಾಫ್ ರೂಮಿಗೆ ಬಂದು, “ಮೇಡಂ, ಇದೇನೋ ಪೌಂಡ್ ಪೌಂಡ್ ಅಂತೈತ್ರೀ” ಎಂದು ಫೋನನ್ನು ನನ್ನ ಕಿವಿಗೆ ಹಿಡಿದಳು. ನಿಜಕ್ಕೂ ಹಾಗೆಯೇ ಇತ್ತು. ಹಿಂದೆ ನಾವೆಲ್ಲ ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡವು ಕಣ್ಣಿಗೆ ಮಾತ್ರ ಕನ್ನಡ. ಒಳಗಿರುವುದು ತಲೆಯ ಮೇಲೆ ಗೆರೆ ಎಳೆಸಿಕೊಂಡ ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು. ಅದರಲ್ಲಿ ‘ನ’ ಅಕ್ಷರದ ಸ್ಥಾನದಲ್ಲಿ ಕುಳಿತಿರುವುದು ಬ್ರಿಟಿಷ್ ಪೌಂಡಿನ ಗುರುತು. ‘ಕನ್ನಡ’ ಎಂಬ ಪದವನ್ನು ಓದುವಾಗಲೂ ಆ ಯಂತ್ರ ನಡುವೆ ‘ಪೌಂಡ್’ ಎನ್ನುತ್ತದೆ. ‘ಸಮಾನತೆ’ಯ ‘ನ’ ಬಂದಲ್ಲೆಲ್ಲ ಆ ಮಗುವಿನ ಕಿವಿಗೆ ಪರದೇಶದ ನಾಣ್ಯವೇ ಬೀಳುತ್ತಿತ್ತು.

ಸ್ಕ್ಯಾನ್ ಮಾಡಿದ ಪುಟಗಳ ಪಾಡು ಇನ್ನೂ ಕಷ್ಟ. ಅವು ಪೌಂಡ್ ಎಂದೂ ಹೇಳುವುದಿಲ್ಲ, ಮೌನವಾಗಿರುತ್ತವೆ. ಕಾಲೇಜುಗಳ ಜಾಲತಾಣಗಳಲ್ಲಿ ಲಿಂಗ ಸಂವೇದನೆ, ಸಮಾನ ಅವಕಾಶ ಕೋಶ, ದಿವ್ಯಾಂಗ ಸ್ನೇಹಿ ವಾತಾವರಣ ಮುಂತಾದ ತಲೆಬರಹಗಳ ಅಡಿಯಲ್ಲಿ ಏರಿಸಿರುವ ಕಡತಗಳನ್ನು ತೆರೆದು ನೋಡಿ. ಸಹಿ ಮತ್ತು ಮೊಹರು ಹಾಕಿ, ಓರೆಯಾಗಿ ಸ್ಕ್ಯಾನ್ ಮಾಡಿದ ಕಾಗದಗಳೇ ಹೆಚ್ಚು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವಾರ ಹುಟ್ಟಿ, ಆ ತಂಡ ಊಟ ಮುಗಿಸಿ ಹೊರಟ ಸಂಜೆ ತೀರಿಕೊಳ್ಳುವ ದಾಖಲೆಗಳಿವು. ದಿವ್ಯಾಂಗ ಸ್ನೇಹಿ ನೀತಿಯನ್ನು ದಿವ್ಯಾಂಗರೇ ಓದಲಾಗದ ರೂಪದಲ್ಲಿ ಪ್ರಕಟಿಸುವ ಕೆಲಸದಲ್ಲಿ ನಾನೂ ಕೈಜೋಡಿಸಿದ್ದೇನೆ, ಸ್ಕ್ಯಾನರಿನ ಮುಂದೆ ನಿಂತಿದ್ದೇನೆ.

ಕಾನೂನಿನಲ್ಲಿ ಇದಕ್ಕೆ ಕೊರತೆಯಿಲ್ಲ. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಲಾಭದ ಉದ್ದೇಶವಿಲ್ಲದೆ, ಯಾವ ಕೃತಿಯನ್ನಾದರೂ ಅಂಗವಿಕಲರು ಬಳಸಬಲ್ಲ ರೂಪಕ್ಕೆ ಪರಿವರ್ತಿಸಿ ಅವರಿಗೆ ಕೊಡುವುದು ಉಲ್ಲಂಘನೆಯಲ್ಲ. ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು 2014ರ ಜೂನಿನಲ್ಲಿ ಜಗತ್ತಿನಲ್ಲಿಯೇ ಮೊದಲು ಅನುಮೋದಿಸಿದ ದೇಶ ನಮ್ಮದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ಕ್ಕೆ ಕಡಿಮೆಯಿಲ್ಲದಂತೆ ಸೀಟುಗಳನ್ನು ಮೀಸಲಿಡಬೇಕೆಂದಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ಆ ಪೂಜಾರಿ ಒಂದು ಫಾಂಟು. ಸೀಟು ಕೊಟ್ಟು ಒಳಗೆ ಕರೆದ ಮೇಲೆ ಆಕೆಯ ಕೈಗಿಟ್ಟ ಪುಸ್ತಕ ಮಾತಾಡದಿದ್ದರೆ ಅದು ಎಂಥ ಪ್ರವೇಶ?

ನನ್ನ ಹಳೆಯ ನೋಟ್ಸಿನ ಹದಿನಾಲ್ಕು ಪುಟಗಳನ್ನು, ಯಂತ್ರವೂ ಕನ್ನಡವೆಂದೇ ಗುರುತಿಸುವ ಯೂನಿಕೋಡಿಗೆ ತಂದೆವು. ಪರಿವರ್ತಕ ತಂತ್ರಾಂಶಕ್ಕೆ ಹಾಕಿದರೆ ಬಹುಪಾಲು ತಾನಾಗಿಯೇ ಸರಿಹೋಗುತ್ತದೆ, ಅರ್ಕಾವೊತ್ತು ಇರುವಲ್ಲಿ ಮತ್ತು ಒತ್ತಕ್ಷರಗಳು ಸೇರುವಲ್ಲಿ ಮಾತ್ರ ಕೈಯಿಂದ ತಿದ್ದಬೇಕು. ನಾಲ್ವರು ವಿದ್ಯಾರ್ಥಿಗಳು ಮತ್ತು ನಾನು ಎರಡು ಶನಿವಾರ ಕುಳಿತು ಮುಗಿಸಿದೆವು. ಕೆಲಸ ದೊಡ್ಡದಲ್ಲ, ಆದರೆ ಇದು ಯಾರ ಕೆಲಸ ಎನ್ನುವ ಪ್ರಶ್ನೆ ದೊಡ್ಡದು. ಖಾಯಂ ಅಧ್ಯಾಪಕರಾದ ನಮಗೆ ಇ-ಪಠ್ಯ ತಯಾರಿಸಿದರೆ ಬಡ್ತಿಯ ಲೆಕ್ಕದಲ್ಲಿ ಅಂಕಗಳಾದರೂ ಸಿಗುತ್ತವೆ. ನಮ್ಮ ಕಾಲೇಜುಗಳ ಪಾಠದ ಭಾರದ ಬಹುಭಾಗ ಹೊತ್ತಿರುವ ಅತಿಥಿ ಉಪನ್ಯಾಸಕರಿಗೆ ಬಡ್ತಿಯೇ ಇಲ್ಲದ ಮೇಲೆ ಅಂಕಗಳಿಂದ ಏನಾಗಬೇಕು? ಕನ್ನಡದಲ್ಲಿ ಓಡಾಡುತ್ತಿರುವ ಒಳ್ಳೆಯ ನೋಟ್ಸುಗಳಲ್ಲಿ ಎಷ್ಟೋ ಅವರು ಬರೆದವೇ. ಅವು ಹೆಸರಿಲ್ಲದೆ, ಯಾರದೋ ಯೂಟ್ಯೂಬ್ ಚಾನೆಲಿನ ಮುದ್ರೆ ಹೊತ್ತು ತಿರುಗುತ್ತವೆ. ಮುಕ್ತ ಪರವಾನಗಿಯ ಮೊದಲ ಷರತ್ತೇ ಬರೆದವರ ಹೆಸರನ್ನು ಉಳಿಸುವುದು ಎಂದು ಅವರಿಗೆ ವಿವರಿಸಿ ಹೇಳಿದವರು ಯಾರೂ ಇಲ್ಲ.

ಜಾತಿಯ ಭಾಗವನ್ನು ಹೊಸದಾಗಿಯೇ ಬರೆಯಬೇಕಾಯಿತು. 15ನೇ ವಿಧಿಯನ್ನು, ಅಸ್ಪೃಶ್ಯತೆಯನ್ನು ರದ್ದುಪಡಿಸಿದ 17ನೇ ವಿಧಿಯನ್ನು, ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರ ಪಾಲನ್ನು ಪರಿಶೀಲಿಸಲು 1918ರಲ್ಲಿ ಮೈಸೂರು ಸಂಸ್ಥಾನದಲ್ಲಿ ನೇಮಕವಾದ ಮಿಲ್ಲರ್ ಸಮಿತಿಯನ್ನು, ಎಪ್ಪತ್ತರ ದಶಕದ ಹಿಂದುಳಿದ ವರ್ಗಗಳ ಹಾವನೂರು ಆಯೋಗವನ್ನು ಬರೆಯುವುದು ಕಷ್ಟವಾಗಲಿಲ್ಲ, ಅವೆಲ್ಲ ಪುಸ್ತಕದಲ್ಲಿವೆ. ‘ನಮ್ಮ ತರಗತಿಯಲ್ಲಿ’ ಎಂಬ ಉಪಶೀರ್ಷಿಕೆ ಕೊಟ್ಟು ವಿದ್ಯಾರ್ಥಿಗಳಿಗೆ ಹೆಸರು ಹಾಕದೆ ಚೀಟಿ ಬರೆದುಕೊಡಲು ಹೇಳಿದಾಗ ಬಂದದ್ದು ಬೇರೆಯೇ. ಒಂದಕ್ಕಿಂತ ಹೆಚ್ಚು ಚೀಟಿಗಳಲ್ಲಿ ಒಂದೇ ಮಾತಿತ್ತು: ವಿದ್ಯಾರ್ಥಿವೇತನದ ಅರ್ಜಿ ತುಂಬಿಸಲು ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳು ಎದ್ದು ನಿಲ್ಲಿ ಎಂದು ಎಲ್ಲರ ಎದುರು ಕರೆಯುವುದು. ಮೊದಲ ವಾರವೇ, ಇನ್ನೂ ಯಾರಿಗೂ ಯಾರ ಹೆಸರೂ ಸರಿಯಾಗಿ ಗೊತ್ತಿಲ್ಲದ ದಿನಗಳಲ್ಲಿ, ಜಾತಿ ಗೊತ್ತಾಗಿಬಿಡುತ್ತದೆ. ಹಾಗೆ ಕರೆದವರಲ್ಲಿ ನಾನೂ ಒಬ್ಬಳು. ಕಚೇರಿಯಿಂದ ಬಂದ ನೋಟಿಸನ್ನು ಇದ್ದಂತೆಯೇ ಓದಿ ಹೇಳುವಾಗ, ಅವರ ಒಳಿತಿಗೇ ಮಾಡುತ್ತಿದ್ದೇನೆಂಬ ನೆಮ್ಮದಿ ನನಗಿತ್ತು. ಯಾವ ದೇಶದ ಯಾವ ಸಿದ್ಧ ಪಠ್ಯದಲ್ಲಿಯೂ ಈ ಉದಾಹರಣೆ ನನಗೆ ಸಿಗುತ್ತಿರಲಿಲ್ಲ. ಈ ವರ್ಷದಿಂದ ನನ್ನ ತರಗತಿಗಳಲ್ಲಿ ಎಲ್ಲ ಬಗೆಯ ವಿದ್ಯಾರ್ಥಿವೇತನಗಳ ಮಾಹಿತಿಯನ್ನೂ ಎಲ್ಲರ ಫೋನಿಗೂ ಕಳಿಸಿ, ಅರ್ಹರು ನೇರವಾಗಿ ಕಚೇರಿಗೆ ಹೋಗಲು ಹೇಳುತ್ತಿದ್ದೇನೆ.

ಪಠ್ಯವನ್ನು, ಹೆಸರು ಉಳಿಸಿ ಯಾರು ಬೇಕಾದರೂ ತಿದ್ದಬಹುದಾದ ಪರವಾನಗಿಯಲ್ಲಿ ಬಿಡುಗಡೆ ಮಾಡಿದ್ದೇವೆ. ಮೊದಲು ಕಳಿಸಿದ್ದು ಆ ಹುಡುಗಿಗೇ. ಅರ್ಧ ಗಂಟೆಯಲ್ಲಿ ಉತ್ತರ ಬಂತು: ಕನ್ನಡ ಚೆನ್ನಾಗಿ ಓದುತ್ತದೆ, ಆದರೆ ನಾಲ್ಕನೇ ಪುಟದಲ್ಲಿ ‘ಚಿತ್ರ’ ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತದೆ, ಅದು ಏನು ಚಿತ್ರ? ಬೇಲಿಯ ಹಿಂದೆ ಪೆಟ್ಟಿಗೆಗಳ ಮೇಲೆ ನಿಂತು ಆಟ ನೋಡುವ ಮೂವರ ಚಿತ್ರ ಅದು. ಸಮಾನತೆಯ ಭಾಷಣಗಳಲ್ಲೆಲ್ಲ ಬರುವಂಥದು, ನನಗೂ ಅದು ಸಾಕಾಗಿತ್ತು. ವಿವರಣೆ ಬರೆಯಲು ಹೋಗಿ, ಚಿತ್ರವನ್ನೇ ತೆಗೆದು ಆ ಜಾಗದಲ್ಲಿ ಮೂರು ಸಾಲು ಹಾಕಿದೆ. ಅಂಗವೈಕಲ್ಯದ ಭಾಗ ಇನ್ನೂ ಒಂದೂವರೆ ಪುಟವಷ್ಟೇ ಇದೆ, ಅದೂ ಕಾಯ್ದೆಯ ಕಲಮುಗಳ ಸಾರಾಂಶ. ಅದನ್ನು ತಾನು ಬರೆಯುತ್ತೇನೆಂದು ಆಕೆ ಹೇಳಿದ್ದಾಳೆ. ಪರೀಕ್ಷೆ ಮುಗಿಯಲಿ ಎಂದಿದ್ದೇನೆ.