‘ಸಾರು’ ಪದದ ಅರ್ಥದ ಬಗ್ಗೆ

‘ಸಾರು’ ಎಂಬ ಕ್ರಿಯಾಪದದ ಅರ್ಥವೇನು ಎಂಬ ಪ್ರಶ್ನೆಗೆ ಉತ್ತರವಾಗಿ ತಿಳಿಸು, ಪ್ರಕಟಿಸು, ಘೋಷಿಸು ಎಂಬ ಸಮಾನಾರ್ಥಕಗಳ ಪಟ್ಟಿ ಕೊಟ್ಟಿರುವುದು ತಪ್ಪಲ್ಲ. ಆದರೆ ಇವು ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುವ ಪದಗಳಲ್ಲ ಎಂಬುದನ್ನೂ ಹೇಳಬೇಕಿತ್ತು. ವೈದ್ಯರು ರೋಗಿಯ ಮನೆಯವರನ್ನು ಪಕ್ಕಕ್ಕೆ ಕರೆದು ವಿಷಯ ‘ತಿಳಿಸುತ್ತಾರೆ’, ಅದನ್ನು ‘ಸಾರಿದರು’ ಎಂದು ಬರೆದರೆ ಆ ಮೆಲುದನಿಯೇ ಕೆಟ್ಟುಹೋಗುತ್ತದೆ. ಹಾಗೆಯೇ ಯುದ್ಧವನ್ನು ಸಾರಬಹುದು, ಘೋಷಿಸಬಹುದು, ಆದರೆ ಯುದ್ಧವನ್ನು ‘ತಿಳಿಸಿದರು’ ಎನ್ನುವಂತಿಲ್ಲ. ಪರೀಕ್ಷೆಯ ಫಲಿತಾಂಶಕ್ಕೆ ‘ಪ್ರಕಟಿಸು’ ಒಪ್ಪುತ್ತದೆ.

ಸಾರುವುದರಲ್ಲಿ ದನಿಯೂ ಇದೆ, ಎದುರಿಗೆ ಜನರೂ ಇದ್ದಾರೆ; ಡಂಗುರದ ಜೊತೆಗೆ ಈ ಪದ ಅಂಟಿಕೊಂಡಿರುವುದು ಅದಕ್ಕೇ. ‘ಸಾರಿ ಸಾರಿ ಹೇಳಿದೆ’ ಎನ್ನುವಾಗ ಆ ಇಮ್ಮಡಿಯಲ್ಲಿ, ಎಷ್ಟು ಹೇಳಿದರೂ ಕೇಳಲಿಲ್ಲವಲ್ಲ ಎಂಬ ನೋವೂ ಸೇರಿಕೊಳ್ಳುತ್ತದೆ, ಅದನ್ನು ‘ಘೋಷಿಸಿ ಘೋಷಿಸಿ’ ಎಂದು ಹೇಳಿ ನೋಡಿದರೆ ವ್ಯತ್ಯಾಸ ತಾನಾಗಿಯೇ ಗೊತ್ತಾಗುತ್ತದೆ. ಬಾಯಿಲ್ಲದ ವಸ್ತುಗಳೂ ಸಾರಬಲ್ಲವು: ಕಲ್ಲಿನ ಶಾಸನ ಒಂದು ಕಾಲದ ವೈಭವವನ್ನು ಸಾರುತ್ತದೆ.

ಆ ಪಟ್ಟಿಗೆ ‘ಬಿತ್ತರಿಸು’ ಪದವನ್ನೂ ಸೇರಿಸಬಹುದಿತ್ತು. ಅದು ಬೀಜ ಬಿತ್ತುವುದರಿಂದ ಬಂದದ್ದೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಅದು ಸಂಸ್ಕೃತದ ‘ವಿಸ್ತರ’ದ ತದ್ಭವವಾದ ‘ಬಿತ್ತರ’ದಿಂದ ಬಂದಿದೆ. ಇನ್ನು ‘ಅರಿ’ಯಿಂದ ಹುಟ್ಟಿದ ‘ಅರುಹು’ ಎಂಬ ಸೊಗಸಾದ ಪದ ಬಳಕೆಯಿಂದ ಜಾರುತ್ತಿರುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ. ಒಬ್ಬರಿಗೆ ಒಂದು ಸುದ್ದಿಯನ್ನು ವಿನಯದಿಂದ ಮನಗಾಣಿಸುವುದಕ್ಕೆ ಅದಕ್ಕಿಂತ ಒಪ್ಪುವ ಪದ ನನಗೆ ಸಿಕ್ಕಿಲ್ಲ.